ಅತ್ತೆ ತುಳಿಯದ ನೆಲ

ಕೋಥರೂಡದ ನಮ್ಮ ಫ್ಲ್ಯಾಟಿನ ಹಾಲ್‌ಗೆ ಮರದ ನೆಲ ಹಾಕಿಸಿದ್ದು ಅತ್ತೆಯವರಿಗಾಗಿ. ಕೇಳಿದವರಿಗೆಲ್ಲ ನಾನು ಹಾಗೇ ಹೇಳಿದೆ. ಎಂಬತ್ತು ದಾಟಿದ ಅವರಿಗೆ ಮರೆವು ಹತ್ತಿತ್ತು, ಆದರೆ ಕಾಲು ಗಟ್ಟಿಯಿದ್ದವು. ದಿನಾ ಬೆಳಿಗ್ಗೆ ತಮ್ಮ ಕೋಣೆಯಿಂದ ಹಾಲ್ ದಾಟಿ ಬಾಲ್ಕನಿಗೆ ಹೋಗಿ ತುಳಸಿಗೆ ನೀರೆರೆದು ಬರುತ್ತಿದ್ದರು. ಹಳೆಯ ನುಣುಪು ಟೈಲ್ಸಿನ ಮೇಲೆ ಎರಡು ಸಲ ಜಾರಿದರು. ಈ ವಯಸ್ಸಿನಲ್ಲಿ ನಡಿಗೆ ಒಮ್ಮೆ ನಿಂತರೆ ಮತ್ತೆ ಶುರುವಾಗುವುದಿಲ್ಲ, ಜಾರದ ನೆಲ ಮಾಡಿಸಿ ಎಂದು ವ್ಯಾಯಾಮ ಮಾಡಿಸಲು ಬರುವ ಹುಡುಗಿ ಹೇಳಿದಳು.

ಮರಾಠಿ ಮಿಸ್ತ್ರಿ ಸಾದಾ ಹಲಗೆಯ ತುಂಡು ತಂದು ತೋರಿಸಿದ. "ವಹಿನಿ, ಪ್ಲೇನ್‌ಚ್ ಘ್ಯಾ," ಸಾದಾನೇ ತಗೊಳ್ಳಿ, ಎಂದ. ನನ್ನ ಕಣ್ಣು ಅವನ ಪುಸ್ತಕದ ಇನ್ನೊಂದು ಪುಟದ ಮೇಲಿತ್ತು. ಕಪ್ಪು ಮರದ ನಡುವೆ ಬೆಳ್ಳನೆಯ ಸಣ್ಣ ಪಟ್ಟಿಗಳನ್ನು ಓರೆಯಾಗಿ ಕೂಡಿಸಿ, ಚೌಕಕ್ಕೊಂದು ಎಂಟೆಸಳಿನ ಹೂ. ನಾನು ಓದಿದ ಕಾನ್ವೆಂಟಿನಲ್ಲಿ ಸಿಸ್ಟರ್‌ಗಳ ಕೋಣೆಗೆ ಅಂಥದೇ ನೆಲವಿತ್ತು. ಹುಡುಗಿಯರು ಬಾಗಿಲಲ್ಲಿ ನಿಂತು ನೋಡಬೇಕಷ್ಟೆ.

"ಅವ್ವ ಜಾರದಿದ್ರ ಸಾಕಲ್ಲ? ಇಷ್ಟೆಲ್ಲಾ ಕಸೂತಿ ಯಾಕ?" ಎಂದರು ನಮ್ಮವರು.

"ಇದೂ ಜಾರೂದಿಲ್ರಿ," ಎಂದೆ. ಸುಳ್ಳೇನೂ ಅಲ್ಲ.

ಕೆಲಸ ಎಂಟು ದಿನ ನಡೆಯಿತು. ಅಷ್ಟು ದಿನ ಅತ್ತೆಯವರು ಚಿಂಚವಾಡದಲ್ಲಿ ನಾದಿನಿಯ ಮನೆಯಲ್ಲಿದ್ದರು. ಯಾವ ಗೋಡೆಯೂ ನೆಟ್ಟಗಿರುವುದಿಲ್ಲವೆಂದು ಮಿಸ್ತ್ರಿ ಕೋಣೆಯ ನಡುವಿನಿಂದ ದಾರ ಕಟ್ಟಿ ಶುರು ಮಾಡಿದ. ಒಂದೊಂದು ತುಂಡನ್ನೂ ರಬ್ಬರಿನ ಸುತ್ತಿಗೆಯಿಂದ ತಟ್ಟಿ, ಕೆಳಗೆ ಪೊಳ್ಳಿದೆಯೇ ಎಂದು ಕಿವಿಗೊಟ್ಟು ಸಪ್ಪಳ ಕೇಳುತ್ತಿದ್ದ. ನಾನು ಚಹಾ ಕೊಡುವ ನೆವದಲ್ಲಿ ಹೋಗಿ ಹೋಗಿ ನೋಡಿದೆ.

ಅತ್ತೆಯವರು ಬಂದವರು ಬಾಗಿಲಲ್ಲೇ ನಿಂತರು.

"ಅಯ್ಯ, ಯಾರವ್ವಾ ಇಷ್ಟು ಚಂದ ರಂಗೋಲಿ ಹಾಕ್ಯಾರ!"

ನಾನು ಹಿಗ್ಗಿದೆ. "ಒಳಗ ಬರ್ರಿ, ಅತ್ಯಾ."

"ಹೆಂಗ ಬರ್ಲಿ? ತುಳದ್ರ ಕೆಡೂದಿಲ್ಲೇನು?"

ಎಲ್ಲರೂ ನಕ್ಕೆವು. ಅವರು ನಗಲಿಲ್ಲ. ಕೊನೆಗೆ ನಮ್ಮವರು ಎತ್ತಿಕೊಂಡು ಹೋಗಿ ಕೋಣೆಯಲ್ಲಿ ಕೂರಿಸಿದರು.

ಮರುದಿನ ಬೆಳಿಗ್ಗೆ ನೀರಿನ ತಂಬಿಗೆ ಹಿಡಿದು ಕೋಣೆಯ ಹೊಸ್ತಿಲಿಗೆ ಬಂದರು, ನೋಡಿದರು, ಹಿಂದಿರುಗಿದರು. ಅದರ ಮರುದಿನವೂ ಅಷ್ಟೇ. ಇದು ಮರ ಎಂದು ನಾನು ಅವರೆದುರು ಒದ್ದೆ ಬಟ್ಟೆಯಿಂದ ಒರೆಸಿ ತೋರಿಸಿದೆ. ಬರಿಗಾಲಿಂದ ಒಂದು ಹೂವನ್ನು ತಿಕ್ಕಿದೆ. "ನೋಡ್ರಿ, ಅಳಸೂದಿಲ್ಲ."

"ಬ್ಯಾಡವಾ, ಬ್ಯಾಡ," ಅವರ ಕಣ್ಣಲ್ಲಿ ನೀರು ಬಂತು. "ಯಾವ ಹೆಣ್ಮಗಳು ಬಗ್ಗಿ ಬಗ್ಗಿ ಹಾಕ್ಯಾಳೋ."

ಜಮಖಾನೆ ಹಾಸಿದೆ. ಅದರ ಅಂಚಿಗೆ ಅವರ ಹೆಬ್ಬೆರಳು ಸಿಕ್ಕಿ ಮುಗ್ಗರಿಸಿದಾಗ ವ್ಯಾಯಾಮದ ಹುಡುಗಿಯೇ ಅದನ್ನು ಸುತ್ತಿಟ್ಟಳು. ಕಿತ್ತು ಸಾದಾ ಹಾಕಿಸೋಣ ಎಂದು ನಮ್ಮವರು ಮಿಸ್ತ್ರಿಗೆ ಫೋನ್ ಮಾಡಿದರು. ಅವನು ಊರಿಗೆ ಹೋಗಿದ್ದ. ಹಿಂದಿರುಗಿ ಬರುವ ಹೊತ್ತಿಗೆ ತಿಂಗಳ ಮೇಲಾಗಿತ್ತು, ಕೋಣೆಯಲ್ಲೇ ಕೂತು ಕೂತು ಅತ್ತೆಯವರಿಗೆ ಮಂಚ ಹಿಡಿದು ನಿಲ್ಲುವುದೂ ಆಗುತ್ತಿರಲಿಲ್ಲ. "ಈಗ ಕಿತ್ತು ಏನು ಮಾಡೂದು, ಬಿಡು," ಎಂದರು ನಮ್ಮವರು. ಮೆತ್ತಗೇ ಹೇಳಿದರು. ಬೈದಿದ್ದರೆ ಚೆನ್ನಾಗಿತ್ತು.

ಹೂವಿನ ನೆಲ ನನಗೇ ಬೇಕಾಗಿತ್ತೆಂದು ನಮ್ಮವರಿಗೆ ಇನ್ನೂ ಹೇಳಿಲ್ಲ. ಗೊತ್ತಿರಬಹುದು.

ಈಗ ಬೆಳಿಗ್ಗೆ ಗಾಲಿ ಕುರ್ಚಿಯಲ್ಲಿ ಕೂರಿಸಿ ನಾನೇ ಅತ್ತೆಯವರನ್ನು ಬಾಲ್ಕನಿಗೆ ಒಯ್ಯುತ್ತೇನೆ. ಹಾಲ್ ಬಂದ ಕೂಡಲೇ ಅವರು ಕುರ್ಚಿಯ ಕೈಗಳನ್ನು ಬಿಗಿಯಾಗಿ ಹಿಡಿದು ಎರಡೂ ಪಾದಗಳನ್ನು ಮೇಲಕ್ಕೆತ್ತುತ್ತಾರೆ. ನಿಲ್ಲಲಾರದ ಕಾಲುಗಳು ಗಡಗಡ ನಡುಗುತ್ತವೆ. "ಸಾವಕಾಶ," ಎನ್ನುತ್ತಾರೆ, "ಬದೀಲೆ ಹೋಗು." ನಾನು ಗೋಡೆಯ ಬದಿಗೇ ತಳ್ಳುತ್ತೇನೆ. ಹೂಗಳು ಅಲ್ಲಿಯೂ ಇವೆ.