ಕೈ ಮುಗಿಯುವುದನ್ನು ಬಿಟ್ಟ ಅಡ್ಮಿನ್

ಮುಂಬೈಯ ನಸುಕಿನ ಲೋಕಲ್ ರೈಲು ವಿಕ್ರೋಳಿ ಬಿಡುವಾಗ ಹೆಂಗಸರ ಡಬ್ಬಿಯಲ್ಲಿ ಇನ್ನೂ ಕೂರಲು ಜಾಗವಿದೆ. ಶಿವಕುಮಾರಿ ಕಿಟಕಿಯ ಪಕ್ಕ ಕೂತು ಒಂದು ಕಿವಿಗೆ ಮಾತ್ರ ಇಯರ್‌ಫೋನ್ ಸಿಕ್ಕಿಸಿಕೊಳ್ಳುತ್ತಾರೆ. ವಾಟ್ಸಾಪ್ ಗ್ರೂಪಿಗೆ ಬಂದ ಧ್ವನಿ ಸಂದೇಶದಲ್ಲಿ ಯಾರೋ ಗಂಡಸು ಕೆಮ್ಮುತ್ತ ಹೇಳುತ್ತಿದ್ದಾನೆ: ಮಗುವಿಗೆ ಜ್ವರ ಬಂದರೆ ನೆತ್ತಿಗೆ ಹರಳೆಣ್ಣೆ ತಟ್ಟಬೇಕು. ಆ ಮಗುವಿನ ತಾಯಿ ಕೇಳಿದ್ದೇ ಬೇರೆ. ಇವತ್ತು ತನ್ನ ಬದಲು ಕೆಲಸದ ಮನೆಗೆ ಯಾರಾದರೂ ಹೋಗುತ್ತೀರಾ ಅಂತ. ಅದಕ್ಕೆ ಮಾತ್ರ ಉತ್ತರವಿಲ್ಲ, ಎಣ್ಣೆ, ಕಷಾಯ, ದೃಷ್ಟಿ ತೆಗೆಯುವ ಕ್ರಮ ಎಲ್ಲವೂ ಬಂದಿವೆ. ಶಿವಕುಮಾರಿ ಬೆರಳಾಡಿಸಿ ಗ್ರೂಪಿಗೆ ಬೀಗ ಹಾಕುತ್ತಾರೆ. ಇನ್ನು ಅಡ್ಮಿನ್ ಬಿಟ್ಟು ಬೇರೆ ಯಾರ ದನಿಯೂ ಅಲ್ಲಿ ಏಳುವುದಿಲ್ಲ. ಆಮೇಲೆ ಆ ತಾಯಿಗೆ ಫೋನ್ ಹಚ್ಚುತ್ತಾರೆ.

ಕಲಬುರಗಿ ಕಡೆಯಿಂದ ಮದುವೆಯಾಗಿ ಬಂದ ಶಿವಕುಮಾರಿ ಬಾಂದ್ರಾದ ಒಂದು ಆಫೀಸಿನಲ್ಲಿ ನೆಲ ಒರೆಸುತ್ತಾರೆ. ಸಂಬಳ ಬರುವುದು ಅದಕ್ಕೆ. ಮುಂಬೈಯಲ್ಲಿರುವ ತಮ್ಮ ಕಡೆಯ ಗಾರೆ ಕೆಲಸದ ಗೌಂಡಿಗಳು, ವಾಚ್‌ಮನ್‌ಗಳು, ಮನೆಗೆಲಸದ ಹೆಂಗಸರು ಸೇರಿಕೊಂಡ ವಾಟ್ಸಾಪ್ ಗ್ರೂಪನ್ನು ನೋಡಿಕೊಳ್ಳುವುದು ಬಿಟ್ಟಿ ಚಾಕರಿ. ಹಿಂದಿನ ಅಡ್ಮಿನ್ ಊರಿಗೆ ಹೋಗುವಾಗ, ಯಾರ ಜೊತೆಗೂ ಜಗಳವಾಡದವಳು ಎಂಬ ಒಂದೇ ಅರ್ಹತೆಯ ಮೇಲೆ ಇದನ್ನು ಅವರ ತಲೆಗೆ ಕಟ್ಟಿದ. ಬರೆಯಲು ಬರುವವರು ಕಡಿಮೆ, ಹಾಗಾಗಿ ಎಲ್ಲವೂ ಧ್ವನಿ ಸಂದೇಶ. ದಿನಕ್ಕೆ ನೂರರ ಆಸುಪಾಸು. ಒಂದನ್ನೂ ಬಿಡದೆ ಕೇಳುವವರು ಶಿವಕುಮಾರಿ ಒಬ್ಬರೇ.

"ಮೊದಲ ನಾ ಎಲ್ಲಾರಿಗೂ ಕೈ ಮುಗೀತಿದ್ದೆ ರೀ," ಎನ್ನುತ್ತಾರೆ. "ಹಿರ್ಯಾರು ಮಾತಾಡಿದ್ರ ಸುಮ್ಕ ಕುಂದ್ರಾಕ ಬರ್ತದೇನ್ರಿ? ಸೊಕ್ಕು ಅಂತಾರ. ಅದಕ್ಕ ಪ್ರತಿಯೊಂದಕ್ಕೂ ಒಂದೊಂದು ನಮಸ್ಕಾರದ ಕೈ ಒತ್ತಿಬಿಡ್ತಿದ್ದೆ."

ಆ ಕೈಯೇ ಎರಡು ವರ್ಷದ ಹಿಂದೆ ಎಡವಟ್ಟು ಮಾಡಿತು. ಗಾರೆ ಕೆಲಸದ ಬಸವಂತಪ್ಪ ಕಟ್ಟಡದ ಅಟ್ಟಣಿಗೆಯಿಂದ ಬಿದ್ದು ಕಾಲು ಮುರಿದುಕೊಂಡಿದ್ದ. ಆಸ್ಪತ್ರೆಯಲ್ಲಿ ಆಪರೇಷನ್ ಮಾಡಿ ರಾಡ್ ಹಾಕುತ್ತೇವೆ ಎಂದಿದ್ದರು. ಅವನ ಹೆಂಡತಿ ಅಂಬವ್ವ ಗ್ರೂಪಿನಲ್ಲಿ ಅಳುತ್ತ ಸುದ್ದಿ ಹೇಳಿದಳು, ಅಷ್ಟೇ. ಏನು ಮಾಡಲಿ ಎಂದು ಅವಳು ಕೇಳಿರಲಿಲ್ಲ. ಆದರೂ ಬುದ್ಧಿಮಾತಿನ ಮಳೆ ಸುರಿಯಿತು. ಮೇಕೆ ಕಾಲಿನ ಪಾಯಾ ಸೂಪು ಕುಡಿಸು ಎಂದರು ಒಬ್ಬರು. ರಾಡ್ ಹಾಕಿದರೆ ಜೀವನಪೂರ್ತಿ ಚಳಿಗೆ ನೋವು ಎಂದರು ಇನ್ನೊಬ್ಬರು. ಹೆಲ್ಮೆಟ್ ಯಾಕೆ ಹಾಕಿರಲಿಲ್ಲ ಎಂದು ವಾಚ್‌ಮನ್ ಕಾಶಿನಾಥ ದಬಾಯಿಸಿದ, ಮುರಿದದ್ದು ಕಾಲು ಎಂಬುದನ್ನು ಮರೆತು. ಕೊನೆಗೆ, ಕೂಲಿಗಾರರನ್ನು ಕೆಲಸಕ್ಕೆ ಹಚ್ಚುತ್ತಿದ್ದ ಹಿರಿಯ ಮುಕಾದಮ ಗುರಲಿಂಗಪ್ಪನವರ ಉದ್ದನೆಯ ಸಂದೇಶ ಬಂತು: "ಊರಿಗೆ ಒಯ್ಯವಾ. ನಮ್ಮ ಕಡಿ ನಾಟಿ ವೈದ್ಯರು ಪಟ್ಟಿ ಕಟ್ಟತಾರ. ತಿಂಗಳದಾಗ ಎದ್ದು ಓಡ್ಯಾಡ್ತಾನ."

ಶಿವಕುಮಾರಿ ದಾದರ್‌ನಲ್ಲಿ ಗಾಡಿ ಬದಲಿಸಿ, ಬಾಂದ್ರಾ ಬರುವುದರೊಳಗೆ ಎಲ್ಲವನ್ನೂ ಅವಸರದಲ್ಲಿ ಕೇಳಿದರು, ಎಲ್ಲದಕ್ಕೂ ಕೈ ಮುಗಿದರು. ಕೆಲಸದ ಹೊತ್ತಿನಲ್ಲಿ ಫೋನ್ ಸೂಪರ್‌ವೈಸರ್ ವಶದಲ್ಲಿರುತ್ತದೆ. ಮಧ್ಯಾಹ್ನ ಅದು ಕೈಗೆ ಬರುವಷ್ಟರಲ್ಲಿ ಅಂಬವ್ವ ಆಸ್ಪತ್ರೆಯ ಕಾಗದಕ್ಕೆ ಸಹಿ ಹಾಕಿ, ಗಂಡನನ್ನು ಬಿಡಿಸಿಕೊಂಡು ಊರಿನ ರೈಲು ಹತ್ತಿಯಾಗಿತ್ತು.

"ಅಕಿ ರೈಲಿನ್ಯಾಗ ಇದ್ದಾಗ ಫೋನ್ ಹಚ್ಚಿದೆ. ಯಾಕವಾ ಹಿಂಗ ಮಾಡಿದಿ ಅಂದ್ರ, 'ಅಕ್ಕಾ, ಮುಕಾದಮರ ಮಾತಿಗೆ ನೀನೂ ಕೈ ಮುಗಿದಿದ್ದಿಯಲ್ಲ, ಅದಕ್ಕ ಖರೇ ಇರ್ಬೇಕು ಅಂತ ಹೊಂಟೆ' ಅಂದಳು." ಇದನ್ನು ಹೇಳುವಾಗ ಶಿವಕುಮಾರಿಯ ದನಿ ಏರುವುದಿಲ್ಲ, ಇಳಿಯುವುದೂ ಇಲ್ಲ. ಸೆರಗಿನ ಅಂಚನ್ನು ಮಾತ್ರ ಮಡಚುತ್ತ, ಬಿಚ್ಚುತ್ತ ಇರುತ್ತಾರೆ.

ಕಾಲು ಸೊಟ್ಟಗೆ ಕೂಡಿಕೊಂಡಿತು. ಮುಂಬೈಗೆ ಮರಳಿದ ಬಸವಂತಪ್ಪ ಈಗ ಬೈಕುಲ್ಲಾದ ಒಂದು ಗೋದಾಮಿನ ಬಾಗಿಲಲ್ಲಿ ಸ್ಟೂಲಿನ ಮೇಲೆ ಕೂರುತ್ತಾನೆ, ಅಟ್ಟಣಿಗೆ ಹತ್ತುವುದು ಮುಗಿದ ಮಾತು. ಅಂಬವ್ವ ಗ್ರೂಪು ಬಿಟ್ಟಳು. ಶಿವಕುಮಾರಿಯ ಫೋನನ್ನೂ ಎತ್ತುವುದಿಲ್ಲ.

ಮೊದಲು ಶಿವಕುಮಾರಿಗೆ ಸಿಟ್ಟು ಬಂದದ್ದು ಗುರಲಿಂಗಪ್ಪನವರ ಮೇಲೆ. ನಾಲ್ಕು ಮಾತು ಕೇಳಿಯೇ ಬರಬೇಕೆಂದು ಅವರಿರುವ ಚಾಳಿನ ಒಂಟಿ ಕೋಣೆಗೆ ಹೋದರು. ಮುದುಕರು ಮೊಣಕಾಲಿಗೆ ಬಟ್ಟೆ ಸುತ್ತಿಕೊಂಡು ಹಾಸಿಗೆಯಲ್ಲಿದ್ದರು. "ಜಡ್ಡಿನ ಮನಷ್ಯಾನ್ನ ಮಾತಾಡ್ಸಾಕ ಬರಿಗೈಲೆ ಹೋಗ್ತಾರೇನವಾ?" ಎಂದು ಅವರೇ ಕೇಳಿದರಂತೆ. "ಬ್ರೆಡ್ಡು, ಬಾಳಿಹಣ್ಣು ಒಯ್ಯಂಗಿಲ್ಲ? ನನಗ ಈ ಖೋಲಿ ದಾಟಾಕ ಆಗವಲ್ದು. ಫೋನಿನ್ಯಾಗ ಬಾಳಿಹಣ್ಣ ಹ್ಯಾಂಗ ಕಳಿಸ್ಲಿ? ಗೊತ್ತಿದ್ದದ್ದು ಒಂದ ಮಾತ ಕಳಿಸಿದೆ." ಜಗಳಕ್ಕೆ ಹೋದವರು ಚಹಾ ಕುಡಿದು ಎದ್ದು ಬಂದರು.

ಅಂದಿನಿಂದ ಅವರು ಯಾರ ಮಾತಿಗೂ ಕೈ ಮುಗಿಯುವುದಿಲ್ಲ. ಯಾರಾದರೂ ಕಷ್ಟ ಹೇಳಿಕೊಂಡರೆ ಬೀಗ ಬೀಳುತ್ತದೆ. ಹೇಳಿದವರಿಗೆ ಫೋನ್ ಹೋಗುತ್ತದೆ, ಪ್ರಶ್ನೆ ಒಂದೇ: "ನಿನಗ ಏನರ ಬೇಕಾಗ್ಯದೇನು, ಬರೇ ಹೇಳ್ಕೋಬೇಕಾಗಿತ್ತೇನು?" ಬೇಕಾದದ್ದು ಏನೆಂದು ತಿಳಿದ ಮೇಲೆ ಅದನ್ನಷ್ಟೇ ಗ್ರೂಪಿನಲ್ಲಿ ಹೇಳಿ ಬೀಗ ತೆಗೆಯುತ್ತಾರೆ. ಸೊಕ್ಕಿನವಳು ಎಂಬ ಹೆಸರು ಬಂದೇ ಬಂತು. ನಾಲ್ಕಾರು ಹಿರಿಯರು ಗ್ರೂಪು ಬಿಟ್ಟು ಬೇರೆ ಗ್ರೂಪು ಮಾಡಿಕೊಂಡು, ಅಲ್ಲಿ ಒಬ್ಬರಿಗೊಬ್ಬರು ಬುದ್ಧಿ ಹೇಳಿಕೊಂಡು ಸುಖವಾಗಿದ್ದಾರೆ. ಗುರಲಿಂಗಪ್ಪ ಇಲ್ಲೇ ಉಳಿದಿದ್ದಾರೆ. ಅವರು ರೆಕಾರ್ಡ್ ಮಾಡುತ್ತಿರುವುದು ಪರದೆಯ ಮೇಲೆ ಆಗಾಗ ಕಾಣುತ್ತದೆ, ಸ್ವಲ್ಪ ಹೊತ್ತಿಗೆ ಅಳಿಸಿಹೋಗುತ್ತದೆ, ಸಂದೇಶ ಮಾತ್ರ ಬರುವುದಿಲ್ಲ.

ಗಾಡಿ ಬಾಂದ್ರಾ ಸೇರುವ ಹೊತ್ತಿಗೆ ಜ್ವರದ ಮಗುವಿನ ತಾಯಿಗೆ ಬದಲಿ ಸಿಕ್ಕಿದ್ದಾಳೆ. ಅಂಬವ್ವ ಗ್ರೂಪಿಗೆ ಮರಳಲಿ ಎಂಬ ಆಸೆಯೇ ಎಂದು ಕೇಳಿದರೆ ಶಿವಕುಮಾರಿ ತಲೆಯಾಡಿಸಿ ಇಲ್ಲವೆನ್ನುತ್ತಾರೆ.

"ಗ್ರೂಪಿಗೆ ಬರೋದು ಬ್ಯಾಡ್ರಿ. ಒಮ್ಮೆ ನನಗ ಫೋನ್ ಹಚ್ಚಲಿ. ಹೊಟ್ಟ್ಯಾಗಿಂದೆಲ್ಲಾ ತಗದು ಬೈಲಿ. ಅಕಿ ಬೈಯೂದು ಮುಗಿಯೂತನಕ ನಡುವ ನಾ ಒಂದ ಮಾತ ಆಡಂಗಿಲ್ಲ."