ಗಂಗುಲಮ್ಮ ಸುರಿದ ಬ್ಲೀಚಿಂಗ್

ಮೇಲೂರಿನ ಗಂಗುಲಮ್ಮ ನಲವತ್ತು ವರ್ಷ ರೇಷ್ಮೆ ಹುಳು ಸಾಕಿದವರು. ಸೊಪ್ಪು ಹೊತ್ತು ಹೊತ್ತು ಸೊಂಟ ಹಿಡಿದುಕೊಂಡ ಮೇಲೆ ಶಿಡ್ಲಘಟ್ಟದ ನೂಲು ಬಿಚ್ಚುವ ಘಟಕವೊಂದಕ್ಕೆ ಕಸ ಗುಡಿಸಲು ಬರುತ್ತಿದ್ದರು. ಕೊಳೆ ಕಂಡರೆ ಅವರಿಗೆ ಆಗದು. ಮನೆಗೆ ಹೊಸ ಮರಿಹುಳು ತರುವ ಮುಂಚೆ ಗೋಡೆ, ತಟ್ಟೆ ಎಲ್ಲಕ್ಕೂ ಬ್ಲೀಚಿಂಗ್ ಪುಡಿ ಹಾಕಿ ತೊಳೆದ ಕೈ ಅದು.

ಅದೇ ಘಟಕದ ಹಿತ್ತಲಲ್ಲಿ ನನ್ನ ಕೊಳೆ ಇತ್ತು. ಗೂಡು ಬೇಯಿಸಿದ ನೀರು ಒಂದು ತೊಟ್ಟಿಯ ಜಲ್ಲಿಕಲ್ಲುಗಳ ಮೇಲೆ ಹರಿಯುತ್ತಿತ್ತು. ಕಲ್ಲಿಗೆ ಅಂಟಿದ ಲೋಳೆಯಲ್ಲಿನ ಸೂಕ್ಷ್ಮಜೀವಿಗಳು ಹೊಲಸನ್ನು ತಿಂದು ನೀರನ್ನು ತಿಳಿ ಮಾಡುತ್ತಿದ್ದವು. ಆ ಲೋಳೆ ಎಷ್ಟು ದಪ್ಪ ಬೆಳೆಯುತ್ತದೆಂದು ಲೆಕ್ಕ ಹಾಕಿ ಹೇಳುವುದೇ ನನ್ನ ಪಿಎಚ್‌ಡಿ. ಆಹಾರವನ್ನೆಲ್ಲ ಮೇಲಿನ ಪದರವೇ ತಿಂದುಬಿಡುತ್ತದೆ, ಅಡಿಗೆ ಏನೂ ತಲುಪುವುದಿಲ್ಲ. ಆಹಾರ ಸೊನ್ನೆಯಾದಲ್ಲಿ ಜೀವವೂ ಸೊನ್ನೆ. ನನ್ನ ಸಮೀಕರಣ ನಿಂತಿದ್ದೇ ಆ ಸಾಲಿನ ಮೇಲೆ. 2006ರ ಮಾರ್ಚಿಗೆ ನನ್ನ ಅವಧಿ ಮುಗಿಯುತ್ತಿತ್ತು. ಸೋಮವಾರ ಗೈಡ್ ಅಚ್ಯುತ್ ಸರ್ ಕೊನೆಯ ಅಳತೆ ನೋಡಲು ಬರುವವರಿದ್ದರು.

ದೊಡ್ಡವರು ಬರುತ್ತಾರೆಂದು ಬುಧವಾರವೇ ಗಂಗುಲಮ್ಮ ತೊಟ್ಟಿಗೆ ಒಂದು ಬಕೆಟ್ ಬ್ಲೀಚಿಂಗ್ ನೀರು ಸುರಿದರು.

ನಾನು ಹೋಗುವಷ್ಟರಲ್ಲಿ ಲೋಳೆ ಬಿಳಿಚಿಕೊಂಡಿತ್ತು. ಒಳಗೆ ಹೋದ ನೀರು ಅಷ್ಟೇ ಕೊಳಕಾಗಿ ಹೊರಬರುತ್ತಿತ್ತು. ನನಗೆ ಮೈಯೆಲ್ಲ ಉರಿದುಹೋಯಿತು.

“ಏನ್ ಮಾಡ್ಬಿಟ್ಟೆ ನೀನು? ಮೂರು ವರ್ಷದ ಕೆಲಸ! ಎಲ್ಲ ಸಾಯಿಸ್ಬಿಟ್ಟೆ!”

ತಾಯಿಯ ವಯಸ್ಸಿನವರನ್ನು ಹಾಗೆ ಬೈದೆ. ಈಗ ನೆನೆದರೂ ನಾಚಿಕೆಯಾಗುತ್ತದೆ. ಅವರು ತೊಟ್ಟಿಯಿಂದ ಒಂದು ಕಲ್ಲೆತ್ತಿ ಉಗುರಿನಿಂದ ಕೆರೆದರು. ಬಿಳಿಯ ಪದರದಡಿಯಲ್ಲಿ ಕಂದು ಲೋಳೆ ಹಾಗೇ ಇತ್ತು.

“ಇದು ಸತ್ತಿಲ್ಲಮ್ಮ, ಜ್ವರಕ್ಕೆ ಕೂತಂಗೈತೆ,” ಎಂದರು. “ಪೊರೆ ಬಿಡೋ ಮುಂಚೆ ಹುಳ ಜ್ವರಕ್ಕೆ ಕೂತ್ಕೊಂಡ್ರೆ ಸೊಪ್ಪು ಮುಟ್ಟಲ್ಲ, ಅಲ್ಲಾಡಲ್ಲ. ಹೊಸಬ್ರು ಸತ್ತೋಯ್ತು ಅಂತ ಎಸೆದ್ಬಿಡ್ತಾರೆ.”

“ಆ ಅಡಿಯ ಪದರ ಸತ್ತು ಎಷ್ಟೋ ತಿಂಗಳಾಯ್ತು, ಬಿಡಿ,” ಎಂದೆ. ನನ್ನ ಸಮೀಕರಣ ಹಾಗೆನ್ನುತ್ತಿತ್ತು.

ಅವರು ಬಿಡಲಿಲ್ಲ. ಮೊದಲು ಬರೀ ಒಳ್ಳೆಯ ನೀರು ಹಾಯಿಸಿದರು. ಆಮೇಲೆ ಅದಕ್ಕೆ ಗೂಡಿನ ನೀರನ್ನು ದಿನಕ್ಕಿಷ್ಟು ಬೆರೆಸುತ್ತ ಹೋದರು. “ಜ್ವರ ಎದ್ದ ಹುಳಕ್ಕೆ ಮೊದ್ಲು ಎಳೆ ಸೊಪ್ಪೇ ಹಾಕ್ಬೇಕಮ್ಮ.” ನನಗೂ ಬೇರೆ ದಾರಿ ಇರಲಿಲ್ಲ. ಒಳಹೋಗುವ ನೀರು ಒಂದು ಬಾಟಲಿಯಲ್ಲಿ, ಹೊರಬರುವ ನೀರು ಇನ್ನೊಂದರಲ್ಲಿ ಹಿಡಿದು ಪೇಪರಿನ ಮುಂದಿಟ್ಟು ನೋಡುತ್ತಿದ್ದೆ. ಶುಕ್ರವಾರ ಎರಡೂ ಒಂದೇ. ಶನಿವಾರವೂ ಒಂದೇ. ಭಾನುವಾರ ಸಂಜೆ ಎರಡನೆಯದು ಚೂರು ತಿಳಿಯಾದಂತೆ ಕಂಡಿತು. ನನ್ನ ಆಸೆಗಣ್ಣೇ ಇರಬೇಕೆಂದು ನಂಬಲಿಲ್ಲ.

ಸೋಮವಾರ ಬೆಳಿಗ್ಗೆ ಮೊದಲ ಬಾಟಲಿಯ ಹಿಂದೆ ಒಂದಕ್ಷರವೂ ಕಾಣಲಿಲ್ಲ. ಎರಡನೆಯದರ ಹಿಂದೆ ಪೇಪರಿನ ತಲೆಬರಹವನ್ನು ಓದಿದೆ.

ಕುಣಿಯಬೇಕೆನಿಸಿತು, ಮರುಕ್ಷಣವೇ ನನ್ನ ಸಮೀಕರಣ ನೆನಪಾಯಿತು. ಮೇಲಿನ ಪದರವನ್ನು ಬ್ಲೀಚಿಂಗ್ ಕೊಂದಿತ್ತು; ಅಡಿಯ ಪದರವೂ ಸತ್ತಿದ್ದರೆ ಈ ಹೊಲಸನ್ನು ತಿಂದವರು ಯಾರು? ಬ್ಲೀಚಿಂಗ್ ವಿಷಯ ಮುಚ್ಚಿಟ್ಟಿದ್ದರೆ ಸಮೀಕರಣ ತಪ್ಪೆಂದು ಯಾರಿಗೂ ಗೊತ್ತಾಗುತ್ತಿರಲಿಲ್ಲ.

“ಎಲ್ಲ ಸರಿ ಇದೆಯೇನಮ್ಮ ಗೌತಮಿ?” ಎನ್ನುತ್ತ ಅಚ್ಯುತ್ ಸರ್ ಬಂದರು. ಒಂದನ್ನೂ ಬಿಡದೆ ಹೇಳಿಬಿಟ್ಟೆ.

“ಹಾಗಾದ್ರೆ ಈ ಮಾರ್ಚಿಗೆ ಮುಗಿಯಲ್ಲ.”

“ಗೊತ್ತು ಸರ್,” ಎಂದು ನೋಟ್‌ಬುಕ್ ತೆರೆದು ‘ಆಹಾರ ಸೊನ್ನೆಯಾದಲ್ಲಿ ಜೀವವೂ ಸೊನ್ನೆ’ ಎಂಬ ಸಾಲನ್ನು ಹೊಡೆದುಹಾಕಿದೆ.

ಗಂಗುಲಮ್ಮ ಗಾಬರಿಯಾದರು. “ಅಯ್ಯೋ, ಅಷ್ಟು ಕಷ್ಟಪಟ್ಟು ಬರ್ದಿದ್ದು! ನನ್ನಿಂದಾನೇ ಅಲ್ವೇನಮ್ಮ?”

“ಇಲ್ಲ ಗಂಗುಲಮ್ಮ. ಬದುಕಿರೋರನ್ನ ಮೂರು ವರ್ಷ ಸತ್ತೋರ ಲೆಕ್ಕಕ್ಕೆ ಹಾಕಿದ್ದೆ.”