ಗಾಲಿಗೆ ಎಣ್ಣೆ ಹಚ್ಚಿದ ದಿನ

ಇಲ್ಲಿ ಕೆಲವು ವಿವರಗಳನ್ನು ನಾನು ತಪ್ಪಾಗಿ ನೆನೆಯುತ್ತಿರಬಹುದು. ನಮ್ಮ ಮುದಿ ಎತ್ತಿಗೆ ಮೊದಲು ಪೊರೆ ಬಂದದ್ದು ಎಡಗಣ್ಣಿಗೋ ಬಲಗಣ್ಣಿಗೋ ಎಂದು ಕೇಳಿದರೆ ಒಂದೊಂದು ದಿನ ಒಂದೊಂದು ಹೇಳುತ್ತೇನೆ. ಯುದ್ಧದ ಕಾಲ. ಧಾರವಾಡದಲ್ಲಿ ಕಾಲೇಜಿನ ಮೊದಲ ವರ್ಷ ಮುಗಿಸಿ ಬೇಸಿಗೆ ಸೂಟಿಗೆಂದು ಸವಣೂರಿಗೆ ಬಂದಿದ್ದೆ. ಇಷ್ಟು ಖಾತ್ರಿ. ಆ ದಿನದ ಡೈರಿಯಲ್ಲಿರುವುದು ಒಂದೇ ಸಾಲು: "ಗಾಲಿಗೆ ಎಣ್ಣೆ ಹಚ್ಚಿದೆವು, ಸದ್ದು ನಿಂತಿತು."

ಊರ ಹೊರಗೆ ನಮ್ಮದೊಂದು ಎಲೆತೋಟವಿತ್ತು. ವೀಳ್ಯದೆಲೆ ಬಳ್ಳಿಗೆ ಬೇಸಿಗೆಯಲ್ಲಿ ಎರಡು ದಿನ ನೀರು ತಪ್ಪಿದರೆ ಅದು ಮುಖ ಬಾಡಿಸಿಕೊಳ್ಳುತ್ತದೆ. ನೀರು ಎತ್ತು ಹೂಡುವ ಕಪಿಲೆ ಬಾವಿಯದು. ಜೋಡೆತ್ತು ಇಳಿಜಾರಿನಲ್ಲಿ ಹಗ್ಗ ಎಳೆದುಕೊಂಡು ಇಳಿದರೆ ಬಾವಿಯ ಮೇಲಿನ ಗಾಲಿ ತಿರುಗಿ, ತೊಗಲ ಚೀಲ ತುಂಬಿಕೊಂಡು ಮೇಲೆ ಬಂದು ಕಾಲುವೆಗೆ ಸುರಿಯುತ್ತಿತ್ತು. ಆಮೇಲೆ ಎತ್ತುಗಳು ಹಿಮ್ಮುಖವಾಗಿ ಹೆಜ್ಜೆಯಿಡುತ್ತ ಬಾವಿಯ ಅಂಚಿನವರೆಗೆ ಏರಬೇಕು. ಚೀಲ ಮತ್ತೆ ಕೆಳಗಿಳಿಯುತ್ತಿತ್ತು. ಇಳಿಯುವಾಗಲೂ ಏರುವಾಗಲೂ ಗಾಲಿ ಕಿರುಗುಟ್ಟುತ್ತಿತ್ತು. ಚೀಲ ನೀರು ಮುಟ್ಟಿತೆಂದರೆ ಸದ್ದು ನಿಲ್ಲುತ್ತಿತ್ತು.

ಮುದಿ ಎತ್ತು ಆ ವರ್ಷ ಬಹಳ ಏದುತ್ತಿತ್ತು. ನಾನು ಕಾಲುವೆಯ ದಂಡೆಯಲ್ಲಿ ಕುಳಿತು ಅಪ್ಪನಿಗೆ ಪಾಠ ಹೇಳುತ್ತಿದ್ದೆ. ಮೇವಿನಲ್ಲಿ ಕೂಡಿಟ್ಟ ಶಕ್ತಿ ಎತ್ತಿನ ಮೈಗೆ ಬರುತ್ತದೆ, ಎತ್ತಿನಿಂದ ಹಗ್ಗಕ್ಕೆ, ಹಗ್ಗದಿಂದ ಮೇಲೆ ಬಂದ ನೀರಿಗೆ. ರೂಪ ಬದಲಾಗುತ್ತದೆ, ಆದರೆ ಗುಂಜಿಯಷ್ಟೂ ನಾಶವಾಗುವುದಿಲ್ಲ.

"ಹಂಗಾರ ಚೀಲ ಸೋರಿ ಅರ್ಧ ನೀರು ತಿರುಗಿ ಬಾವ್ಯಾಗ ಬೀಳತೈತಲ್ಲ ಯವ್ವಾ, ಆ ಶಕ್ತಿ ಎಲ್ಲಿ ಹೋತು?" ಎಂದ ಅಪ್ಪ.

"ಬಿದ್ದ ನೀರು ಒಂಚೂರು ಬಿಸಿ ಆಗತೈತಿ ಅಪ್ಪಾ."

"ಇಷ್ಟು ವರ್ಷ ಕಪಿಲಿ ಹೊಡದೇನಿ, ಒಂದಿನಾರ ಜಳಕಕ್ಕ ಬಿಸಿನೀರು ಕೊಡಲಿಲ್ಲ ನೋಡು ಈ ಬಾವಿ!"

ಪಕ್ಕದ ತೋಟದ ಚಾಚಾ ಬೇಲಿಯ ಆಚೆಯಿಂದಲೇ ನಕ್ಕರು. "ಅಣ್ಣಾ, ಮಗಳನ್ನ ಓದಿಸಿದ್ದು ಸಾರ್ಥಕ ಆತು. ಇನ್ನ ಮ್ಯಾಲೆ ಕಟಗಿ ಖರ್ಚು ಉಳೀತು!"

ನಗುವಿಗೆ ನಾನು ಸೋಲಲಿಲ್ಲ. ಕಿರುಗುಟ್ಟುವುದೆಂದರೂ ಶಕ್ತಿ ಪೋಲಾಗುವುದೇ, ಎತ್ತಿನ ದುಡಿಮೆಯ ಒಂದು ಪಾಲು ಸದ್ದಾಗಿ, ಅಚ್ಚಿನ ಬಿಸಿಯಾಗಿ ಹೋಗುತ್ತಿದೆ, ಎಣ್ಣೆ ಹಚ್ಚಿದರೆ ಮುದಿಯದಕ್ಕೆ ಭಾರ ಹಗುರಾಗುತ್ತದೆ ಎಂದೆ. ಅಪ್ಪ ಗಾಲಿಯನ್ನು ನೋಡಿದ. "ಅದು ಹಂಗ ಇರಲಿ ಬಿಡವ್ವ," ಎಂದ. ಯಾಕೆಂದು ನಾನು ಕೇಳಲಿಲ್ಲ. ನಮ್ಮ ಕಡೆಯ ತೋಟಗಳಲ್ಲಿ ಬಂಡಿಯ ಅಚ್ಚಿಗೆ ತಪ್ಪದೆ ಎಣ್ಣೆ ಹಾಕುವವರು ಕಪಿಲೆಯ ಗಾಲಿಯನ್ನು ಮಾತ್ರ ಒಣಗಲು ಬಿಟ್ಟಿರುತ್ತಿದ್ದರು. ಅದನ್ನು ನಾನು ಸೋಮಾರಿತನ ಎಂದುಕೊಂಡಿದ್ದೆ.

ಮರುದಿನ ಮುಂಜಾನೆ, ನಾನು ಮತ್ತೆ ಬಾಯಿ ತೆರೆಯುವ ಮೊದಲೇ, ಅಪ್ಪ ಬಂಡಿಗೆ ಹಾಕುವ ಎಣ್ಣೆಯ ಬಿದಿರು ಗೊಟ್ಟ ತಂದು ನನ್ನ ಕೈಗೆ ಕೊಟ್ಟ. "ಹಚ್ಚು."

ಹಚ್ಚಿದೆ. ಗಾಲಿ ನುಣ್ಣಗೆ ತಿರುಗಿತು. ಮೊದಲ ನಾಲ್ಕೈದು ಸುತ್ತು ನನಗೆ ಹಬ್ಬ. ಎತ್ತುಗಳು ನಿಜಕ್ಕೂ ಸಲೀಸಾಗಿ ಇಳಿದವು. ನನ್ನ ಪುಸ್ತಕ ಸುಳ್ಳು ಹೇಳಿರಲಿಲ್ಲ. ಹಿಂದೆ ಏರುವಾಗ ಅಪ್ಪ ಎಂದಿಗಿಂತ ಬಿಗಿಯಾಗಿ ಹಗ್ಗ ಹಿಡಿದು, ಅಂಚು ಬಂದೊಡನೆ "ಹೋ, ಹೋ" ಎನ್ನುತ್ತಿದ್ದ. ಆಮೇಲೆ ಒಂದು ಸಲ ನನ್ನ ಕಡೆ ಹೊರಳಿದ. ನಾನು ಕರೆದೆನೆ? "ನೋಡಪ್ಪಾ, ಹೆಂಗ ಹೊಂಟೈತಿ" ಎಂದೆನೆ? ಅಂದಂತೆ ನೆನಪು, ಅಥವಾ ಆಮೇಲೆ ನಾನೇ ಸೇರಿಸಿಕೊಂಡದ್ದು. ಎಳೆ ಎತ್ತು ನಿಂತಿತು. ಮುದಿಯದು ನಿಲ್ಲಲಿಲ್ಲ. ಇನ್ನೂ ಒಂದು ಹೆಜ್ಜೆ ಹಿಂದಿಟ್ಟಿತು. ಹಿಂಗಾಲು ಅಂಚಿನ ಕಲ್ಲಿನಿಂದ ಜಾರಿ, ಕಲ್ಲಿನ ಸಂದಿಯಲ್ಲಿ ಸಿಕ್ಕು, ಒಣ ಕಟ್ಟಿಗೆ ಮುರಿದಂಥ ಸದ್ದಾಯಿತು. ನೊಗ ಮತ್ತು ಜೊತೆಯ ಎತ್ತು ಹಿಡಿದದ್ದರಿಂದ ಬಾವಿಗೆ ಬೀಳಲಿಲ್ಲ.

ಅಪ್ಪ ಕೊರಳ ಹಗ್ಗ ಹಿಡಿದು ಜೋತುಬಿದ್ದ. ಚಾಚಾ ಬೇಲಿ ದಾಟಿ ಓಡಿ ಬಂದರು. ನಾನು ಎಣ್ಣೆಯ ಗೊಟ್ಟ ಹಿಡಿದು ನಿಂತಿದ್ದೆ. ಎತ್ತಿನ ತೂಕ ಎಷ್ಟು, ಬಾವಿಯ ಆಳ ಎಷ್ಟು, ಬಿದ್ದಿದ್ದರೆ ತಳ ಮುಟ್ಟುವಾಗ ಎಷ್ಟು ಶಕ್ತಿ ಇರುತ್ತಿತ್ತು, ಎಲ್ಲವನ್ನೂ ಗುಣಿಸಬಲ್ಲವಳಾಗಿದ್ದೆ. ಅಪ್ಪ ಕೂಗಿದ ಮೇಲೆ ಹಗ್ಗಕ್ಕೆ ಕೈ ಹಾಕಿದೆ. ಎಣ್ಣೆಗೈ, ಜಾರಿತು.

ಹೇಗೋ ಅದನ್ನು ಈಚೆಗೆಳೆದು ಮಲಗಿಸಿದ ಮೇಲೆ ಚಾಚಾ ಮಣ್ಣಿನಲ್ಲೇ ಕುಳಿತರು. "ಮುಂಜಾನಿಂದ ನಿಮ್ಮ ಗಾಲಿ ಕೇಳಲಿಲ್ಲ, ಏನಾತಪ್ಪಾ ಅಂತ ಬೇಲಿಕಡೆನ ನಿಂತಿದ್ದೆ. ಅಣ್ಣಾ, ಅದು ಕಣ್ಣಿಲೆ ಎಲ್ಲಿ ನಡೀತಿತ್ತು? ಗಾಲಿ ಕೇಳಿ ನಡೀತಿತ್ತು. ಸದ್ದು ನಿಂತಲ್ಲಿ ನಿಲ್ಲತಿತ್ತು."

ಅಪ್ಪ "ಹೂಂ" ಎಂದ. ಆ "ಹೂಂ" ಹೊಸ ಸಂಗತಿ ಕೇಳಿದವನದಾಗಿರಲಿಲ್ಲ.

ಮೂಳೆ ಕಟ್ಟುವವನು ಬಂದು, ಬಿದಿರು ದಬ್ಬೆ ಕಟ್ಟಿ, ತಲೆಯಾಡಿಸಿ ಹೋದ. ಚಾಚಾ ತಮ್ಮದೊಂದು ಎತ್ತು ಕೊಟ್ಟರು, ಬಳ್ಳಿ ಒಣಗಲಿಲ್ಲ. ಮುದಿಯದು ಹುಣಸೆ ಮರದ ಕೆಳಗೆ ಎಂಟು ದಿನವೋ ಹತ್ತು ದಿನವೋ ಮಲಗಿತ್ತು. ನೆನೆಸಿದ ಹಿಂಡಿಯನ್ನು ಅಂಗೈಯಲ್ಲಿ ಹಿಡಿದರೆ ಮೊದಮೊದಲು ನೆಕ್ಕುತ್ತಿತ್ತು, ಆಮೇಲೆ ಮೂಸಿ ಬಿಡುತ್ತಿತ್ತು. ಅದರ ಉಸಿರಿನ ಬಿಸಿ ಕೈಗೆ ತಾಕುತ್ತಿತ್ತು. ಒಂದು ಮಧ್ಯಾಹ್ನ ತಾಕಲಿಲ್ಲ. ಆ ಬಿಸಿ ಎಲ್ಲಿಗೂ ಹೋಗಿಲ್ಲ, ಗಾಳಿಯಲ್ಲಿ, ಮಣ್ಣಿನಲ್ಲಿ ಹಂಚಿಹೋಗಿದೆ ಎಂದು ನನಗೆ ಗೊತ್ತಿತ್ತು. ಗೊತ್ತಿದ್ದರಿಂದ ಏನೂ ಆಗಲಿಲ್ಲ. ಮುಂದಿನ ವರ್ಷ ಪರೀಕ್ಷೆಯಲ್ಲಿ ಅದೇ ಪ್ರಶ್ನೆ ಬಂತು; ಸರಿಯಾಗಿ ಬರೆದೆ.

ಗಾಲಿಯ ಎಣ್ಣೆಯನ್ನು ಅಪ್ಪ ಬೂದಿ ಹಾಕಿ ಉಜ್ಜಿ ತೆಗೆದ. ನನಗೆ ಒಂದು ಮಾತೂ ಬಯ್ಯಲಿಲ್ಲ. ಬಯ್ದಿದ್ದರೆ ಬಹುಶಃ ಇದನ್ನು ಬರೆಯುತ್ತಿರಲಿಲ್ಲ. ಸೂಟಿ ಮುಗಿದು ಧಾರವಾಡಕ್ಕೆ ಹೊರಡುವ ಮುಂಜಾನೆ ತೋಟಕ್ಕೆ ಹೋದೆ. ಅಪ್ಪ ನನಗೆ ಬೆನ್ನು ಮಾಡಿ ನಿಂತು ಎಲೆ ಕೊಯ್ಯುತ್ತಿದ್ದ. ಕಪಿಲೆ ಹೊಡೆಯುತ್ತಿದ್ದವರು ಚಾಚಾ; ಗಾಲಿ ಮತ್ತೆ ಕಿರುಗುಟ್ಟುತ್ತಿತ್ತು. ಕಡೆಗೂ ಅಪ್ಪನನ್ನು ಕೇಳಿಯೇಬಿಟ್ಟೆ. ಅವನ ಕೈ ಒಂದು ಎಲೆಯ ಮೇಲೆ ನಿಂತಿತು, ಮತ್ತೆ ಕೊಯ್ಯತೊಡಗಿತು.

"ಅಪ್ಪಾ, ಅದು ಸದ್ದು ಕೇಳಿ ನಡೀತೈತಿ ಅಂತ ನಿನಗ ಗೊತ್ತಿತ್ತಲ್ಲ, ಮತ್ತ ಎಣ್ಣಿ ಯಾಕ ತಂದು ಕೊಟ್ಟಿ?"